ಹುರಿ ಹಿಡಿದ ಕೈ

ಅನುಗೊಂಡನಹಳ್ಳಿಯ ಪಿಳ್ಳಣ್ಣ ಬಾವಿ ತೋಡುವವನು. ಬಂಡೆಗೆ ಇಟ್ಟ ಮದ್ದು ಒಮ್ಮೆ ಹೊತ್ತಿಗೆ ಮುಂಚೆ ಸಿಡಿದು ಅವನ ಎರಡು ಕಿವಿಗಳನ್ನೂ ಕೊಂಡೊಯ್ದಿತ್ತು. ಕಿವುಡನನ್ನು ಬಾವಿಗಿಳಿಸಲು ಎಲ್ಲರೂ ಹೆದರಿದಾಗ ಹೆಂಡತಿ ಮುನಿವೆಂಕಟಮ್ಮ ತೆಳ್ಳನೆಯ ಹುರಿಯೊಂದರ ತುದಿಯನ್ನು ಅವನ ಮಣಿಕಟ್ಟಿಗೆ ಕಟ್ಟಿ, ಇನ್ನೊಂದು ತುದಿಯನ್ನು ತಾನು ಹಿಡಿದು ಮೇಲೆ ನಿಂತಳು. ಕೆಳಗಿನಿಂದ ಅವನು ಒಮ್ಮೆ ಜಗ್ಗಿದರೆ ಆಳುಗಳು ಅವನನ್ನು ಇಳಿಸುವ ಹಗ್ಗ ಸಡಿಲಿಸಬೇಕು. ಎರಡು ಸಲವೆಂದರೆ ಮಣ್ಣಿನ ಕುಕ್ಕೆ ಎತ್ತಬೇಕು. ಮೂರು ಸಲವೆಂದರೆ ಮದ್ದಿನ ಬತ್ತಿಗೆ ಬೆಂಕಿ ಇಡುತ್ತೇನೆ, ನನ್ನನ್ನು ಎಳೆದುಕೊಳ್ಳಿ ಎಂದು. ಅವಳು ಮೇಲಿನಿಂದ ಒಮ್ಮೆ ಜಗ್ಗಿ ಹೂಂಗುಟ್ಟದೆ ಅವನು ಕಡ್ಡಿ ಗೀರುತ್ತಿರಲಿಲ್ಲ.

ನಾಲ್ಕು ವರ್ಷ ಹೀಗೆ ನಡೆಯಿತು. ಅವನಿಗೆ ಬಾಯಾರಿದೆಯೋ, ಬಂಡೆ ಹಟ ಹಿಡಿದಿದೆಯೋ, ಹುರಿಯ ಬಿಗಿತದಲ್ಲೇ ಅವಳಿಗೆ ತಿಳಿಯುತ್ತಿತ್ತು. ಆಳದಲ್ಲಿ ಅವನು ಗಟ್ಟಿಯಾಗಿ ಹಾಡಿಕೊಳ್ಳುತ್ತಿದ್ದ. ಆ ಹಾಡು ಗೋಡೆಗೆ ಬಡಿದು, ಪದವೊಂದೂ ಉಳಿಯದೆ ಬರೀ ಗೊಗ್ಗರು ದನಿಯಾಗಿ ಮೇಲೆ ಬರುತ್ತಿತ್ತು. ಹಗ್ಗ ಎಳೆಯುವ ಬೈರಣ್ಣ ಮತ್ತಿತರ ಆಳುಗಳಿಗೆ ಅದೇ ತಮಾಷೆ.

ಅರವತ್ತೆಂಟರ ಬೇಸಿಗೆಯಲ್ಲಿ, ನಂದಗುಡಿಯ ವೆಂಕಟರಮಣಪ್ಪನವರ ತೋಟದಲ್ಲಿ, ಐವತ್ತು ಅಡಿಗೆ ಬಂಡೆಯ ಬಿರುಕಿನಲ್ಲಿ ತೇವ ಕಂಡಿತು. ಮರುದಿನ ಬೆಳಿಗ್ಗೆ, ಪಿಳ್ಳಣ್ಣ ಬಾವಿಗಿಳಿದ ಸ್ವಲ್ಪ ಹೊತ್ತಿಗೆ, ಮುನಿವೆಂಕಟಮ್ಮ ಮುಟ್ಟಾದಳು. ಮುಚ್ಚಿಡುವ ಹೆಂಗಸಲ್ಲ, ತಾನೇ ಹೋಗಿ ಯಜಮಾನರಿಗೆ ಹೇಳಿದಳು.

"ಗಂಗಮ್ಮ ಕಣ್ಣು ಬಿಡೋ ಹೊತ್ತು ಕಣಮ್ಮ, ಬಾವಿ ಹತ್ರ ಬರ್ಬೇಡ," ಎಂದರು ವೆಂಕಟರಮಣಪ್ಪ. "ಹುರೀನ ಬೈರಣ್ಣ ಹಿಡೀಲಿ."

"ಬೈರಣ್ಣ ಎಮ್ಮೆ ಹಗ್ಗ ಹಿಡ್ದಂಗೆ ಹಿಡೀತಾನೆ ಸ್ವಾಮಿ. ಅದು ನನ್ ಗಂಡನ ಪ್ರಾಣ."

ಆದರೆ ಗಂಗಮ್ಮನ ಭಯ ಅವಳಿಗೂ ಇತ್ತು. ಕೊನೆಗೆ ಅವಳೇ ದಾರಿ ಹುಡುಕಿದಳು. ಹುರಿಗೆ ಇನ್ನೊಂದು ಹುರಿ ಗಂಟು ಹಾಕಿಸಿ, ಇಪ್ಪತ್ತು ಮಾರು ದೂರದ ಹೊಂಗೆ ಮರದ ಕೆಳಗೆ ಅದರ ತುದಿ ಹಿಡಿದು ಕುಳಿತಳು. ತಳದಲ್ಲಿದ್ದ ಪಿಳ್ಳಣ್ಣನಿಗೆ ಇದೊಂದೂ ತಿಳಿಯದು.

ಹೊತ್ತು ನೆತ್ತಿಗೆ ಬಂತು. ಕೈಯಲ್ಲಿದ್ದ ಹುರಿ ಏನನ್ನೂ ಹೇಳಲಿಲ್ಲ.

"ಯಮ್ಮೋ, ನಿನ್ ಗಂಡ ಹಾಡೋಕೆ ಶುರು ಹಚ್ಕೊಂಡ!" ಬಾವಿಯ ಬಾಯಿಂದ ಬೈರಣ್ಣ ಕೂಗಿ ನಕ್ಕ. "ಇವತ್ತು ರಾಗ ಬಲು ಜೋರಾಗೈತೆ!"

ಮುನಿವೆಂಕಟಮ್ಮ ನೆತ್ತಿಯ ಮೇಲಿನ ಬಿಸಿಲು ನೋಡಿದಳು. ಇದು ಮದ್ದು ತುಂಬುವ ಹೊತ್ತು. ಮದ್ದು ಮುಟ್ಟಿದ ಮೇಲೆ ಪಿಳ್ಳಣ್ಣ ಎಂದೂ ಹಾಡಿದವನಲ್ಲ. ಅದು ಹಾಡಲ್ಲ, ಕೂಗು. ಹುರಿ ಎಳೆದು ನೋಡಿದಳು. ಅದು ಎಲ್ಲೋ ಸಿಕ್ಕಿಕೊಂಡಿತ್ತು.

ಎದ್ದು ಓಡಿದಳು. ಗಂಗಮ್ಮನೂ ನೆನಪಾಗಲಿಲ್ಲ, ಯಜಮಾನರೂ ನೆನಪಾಗಲಿಲ್ಲ. ಬಾವಿಯ ಅಂಚಿನ ಕಲ್ಲಿನಿಂದ ಹುರಿಯನ್ನು ಬಿಡಿಸಿದ್ದೇ ತಡ, ಅಂಗೈಗೆ ಮೂರು ಜಗ್ಗು, ಮತ್ತೆ ಮೂರು, ಮತ್ತೆ ಮೂರು.

"ಬತ್ತಿ ಹತ್ತೈತೆ! ಎಳೀರೋ!"

ನಾಲ್ವರು ಬಿದ್ದೆದ್ದು ಎಳೆದರು. ಅವನನ್ನು ತೋಳು ಹಿಡಿದು ಮರದ ಬುಡಕ್ಕೆ ತರುವಷ್ಟರಲ್ಲಿ ನೆಲ ನಡುಗಿತು. ಉದ್ದ ಬತ್ತಿ ಇಡುವವನಾದ್ದರಿಂದ ಉಳಿದ. ಕಲ್ಲಿಗೆ ಸಿಕ್ಕುವಾಗ ಹುರಿ ಸರಕ್ಕನೆ ಎಳೆದದ್ದನ್ನೇ ತನ್ನ ಮೂರು ಜಗ್ಗಿಗೆ ಅವಳ ಉತ್ತರವೆಂದು ನಂಬಿ ಅವನು ಬೆಂಕಿ ಇಟ್ಟಿದ್ದನೆಂದು ಆಮೇಲೆ ತಿಳಿಯಿತು.

ಧೂಳು ಮೆತ್ತಿದ ಮುಖದಲ್ಲಿ ಕಣ್ಣು ಮಿಟುಕಿಸುತ್ತ, ಊರಿಗೆಲ್ಲ ಕೇಳುವಂತೆ ಅವನೆಂದ: "ಇವತ್ತು ಯಾಕಮ್ಮೀ ನಿನ್ ಕೈ ಅಷ್ಟು ದೂರ ಇತ್ತು?"

ಅದಕ್ಕೆ ಎಷ್ಟು ಸಲ ಜಗ್ಗಬೇಕೆಂದು ಅವರು ಗೊತ್ತುಮಾಡಿಕೊಂಡಿರಲಿಲ್ಲ. ಹುರಿ ಕೊರೆದು ಕೆಂಪಾಗಿದ್ದ ಅವನ ಮಣಿಕಟ್ಟನ್ನು ಅವಳು ಸೆರಗಿನಿಂದ ಒರೆಸುತ್ತ ಕುಳಿತಳು.

ಮರುದಿನ ಬೆಳಿಗ್ಗೆ ಅವಳು ಮರದ ಕಡೆ ಹೋಗಲೇ ಇಲ್ಲ. ನೇರ ಬಾವಿಯ ಅಂಚಿಗೆ ಬಂದು ನಿಂತಳು. ಆಳುಗಳೆಲ್ಲ ವೆಂಕಟರಮಣಪ್ಪನವರ ಮುಖ ನೋಡಿದರು. ಅವರು ಹೆಗಲ ಟವೆಲ್ಲನ್ನು ಕೊಡವಿ, ಬಾವಿಗೆ ಬೆನ್ನು ಮಾಡಿ, ಬದನೆ ಸಾಲನ್ನು ದಿಟ್ಟಿಸುತ್ತ ನಿಂತರು.

"ಹಿಡ್ಕೊ ತಾಯಿ. ನಾನು ಆ ಕಡೆ ನೋಡ್ತಾ ಇಲ್ಲ. ಗಂಗಮ್ಮಂಗೆ ನೀನೇ ಹೇಳ್ಕೊ, ಅವ್ಳೂ ಹೆಂಗ್ಸೇ."

"ಏನಂತೆ?" ಎಂದು ಪಿಳ್ಳಣ್ಣ ಕಿರುಚಿದ.

ಅವಳು ಗದ್ದವನ್ನು ಬಾವಿಯತ್ತ ಆಡಿಸಿ ತೋರಿಸಿದಳು: ಇಳಿ.