ಒಡೆದ ಶಾಸನ ಓದಿದವರು ಯಾರು?

ನಂಬುವವರು ನಂಬಿ, ಬಿಡುವವರು ಬಿಡಿ. ಇದು ನಾನು ಕಿವಿಯಾರೆ ಕೇಳಿದ್ದು. ಇದರಲ್ಲಿ ನನ್ನ ಮರ್ಯಾದೆ ಹೆಚ್ಚುವಂಥದ್ದು ಏನೂ ಇಲ್ಲ. ಕಟ್ಟಿ ಹೇಳುವುದಾಗಿದ್ದರೆ ಬೇರೆ ಥರ ಕಟ್ಟುತ್ತಿದ್ದೆ.

ಮಹಾರಾಜರ ಕಾಲ. ಊರೂರು ತಿರುಗಿ ಕಲ್ಲಿನ ಶಾಸನಗಳನ್ನು ನಕಲು ಮಾಡುವುದು ನನ್ನ ಕೆಲಸ. ಒಂದು ಬೇಸಿಗೆ ಮಾಗಡಿ ಸೀಮೆಯ ಚಿಕ್ಕ ಹಳ್ಳಿಯೊಂದಕ್ಕೆ ಹೋದೆ. ಮೂವತ್ತು ಮನೆ, ಸುತ್ತ ಬಂಡೆ, ಒಂದು ಹಳೇ ಕೆರೆ. ಊರಿನ ಚರಿತ್ರೆ ಅಂತ ಇದ್ದದ್ದು ಏರಿಯ ಮೇಲಿನ ಒಂದೇ ಕಲ್ಲು. ಅದನ್ನು ಓದಬಲ್ಲವರು ಊರಲ್ಲಿ ಯಾರೂ ಇರಲಿಲ್ಲ.

ಬೆಳಿಗ್ಗೆ ಕಲ್ಲು ತೊಳೆದು ಓದಿದೆ. 'ಈ ಕೆರೆಯ ಕಟ್ಟಿದ ತಿಮ್ಮಬೋವಗೂ ಅವನ ಸಂತತಿಗೂ ಕೆರೆಯ ಕೆಳಗಣ ಗದ್ದೆ, ಸೂರ್ಯಚಂದ್ರರುಳ್ಳನಕ...'

ಸೂರ್ಯಚಂದ್ರರಿರುವ ತನಕ ಗದ್ದೆ ಅವರದೇ ಎಂದು ಬರೆದಿದೆ ಅಂತ ಪಟೇಲರಿಗೆ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ಆ ಗದ್ದೆ ಉಳುತ್ತಿದ್ದವರು ಅವರೇ. ತಿಮ್ಮಬೋವನ ವಂಶದಲ್ಲಿ ಉಳಿದಿದ್ದವಳು ಬೋರಮ್ಮ ಅನ್ನುವ ಮುದುಕಿ ಒಬ್ಬಳೇ. ಅದೇ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು.

"ಅಮಲ್ದಾರ್ರು ನಮ್ಗೆ ಬೇಕಾದೋರು," ಅಂದರು ಪಟೇಲರು, ಮೆಲ್ಲಗೆ. "ಒಂದ್ ಮಾತ್ ಹೇಳಿದ್ರೆ ನಿಮ್ ಕೆಲ್ಸ ಕಾಯಂ ಆಯ್ತದೆ. ಕಲ್ಲು ಸವ್ದೋಗೈತೆ ಅಂತ ಬರ್ಕೊಳಿ ಸ್ವಾಮಿ."

ಆಗಲಿ ಎಂದು ತಲೆಯಾಡಿಸಿದೆ.

ಮಧ್ಯಾಹ್ನ ಬೋರಮ್ಮ ಏರಿಗೆ ಬಂದಳು. "ಅದ್ರಲ್ಲಿ ನಮ್ಮೋರ ಹೆಸ್ರೈತೆ ಅಂತ ನಮ್ಮಪ್ಪ ಹೇಳೋನು. ಒಸಿ ಓದಿ ಹೇಳಿ ಸ್ವಾಮಿ..."

"ಸವೆದುಹೋಗಿದೆ ಅಜ್ಜಿ. ಏನೂ ಕಾಣಲ್ಲ."

ಅವಳು ಅಕ್ಷರಗಳ ಮೇಲೆ ಒಮ್ಮೆ ಕೈಯಾಡಿಸಿ, ಹೊರಟುಹೋದಳು.

ಪಟೇಲರ ಮನೆಯಲ್ಲಿ ನಾನು ಊಟಕ್ಕೆ ಕೂತಿದ್ದಾಗ ಏರಿಯ ಕಡೆಯಿಂದ ಸುತ್ತಿಗೆಯ ಸದ್ದು ಕೇಳಿಬಂತು. ಬಡಿಸುತ್ತಿದ್ದವರು ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ದೀಪ ಹಚ್ಚಿದ ಮೇಲೆ, ಮರೆತು ಬಂದಿದ್ದ ಬ್ರಷ್ಷು ತರಲು ಏರಿಗೆ ಹೋದೆ. ಕಲ್ಲು ನಾಲ್ಕು ಚೂರಾಗಿ ಬಿದ್ದಿತ್ತು. ಗಾಳಿ ಇಲ್ಲ, ಕಪ್ಪೆಯ ಸದ್ದೂ ಇಲ್ಲ. ಶಾಸನದ ನಕಲು ತೆಗೆಯಲು ಬಳಿಯುವ ಹಸಿ ಮಸಿಯ ವಾಸನೆ ಮಾತ್ರ ಮೂಗಿಗೆ ಬಡಿಯಿತು... ಆ ದಿನ ನಾನು ಮಸಿಯನ್ನೇ ಕಲಸಿರಲಿಲ್ಲ.

ಆಗ ಕೇಳಿಸಿತು.

"ಈ... ಕೆರೆಯ... ಕಟ್ಟಿದ..."

ಓದು ಬಾರದವರಿಗೆ ಓದಿ ಹೇಳುವ ಹಾಗೆ, ಒಂದೊಂದೇ ಪದ.

"ಯಾರದು?"

ಓದು ನಿಲ್ಲಲಿಲ್ಲ. ನಡುವೆ ಒಂದು ಒಣಕೆಮ್ಮು... ಆ ಕೆಮ್ಮು ನನ್ನದು. ದನಿ ನನ್ನದು. ತುಟಿಗೆ ಕೈ ಒತ್ತಿ ನೋಡಿಕೊಂಡೆ. ಬಾಯಿ ಮುಚ್ಚಿತ್ತು. ಆ ದನಿ ಮಾತ್ರ 'ತಿಮ್ಮಬೋವ' ಎಂಬ ಹೆಸರನ್ನು ಎರಡು ಸಲ ಗಟ್ಟಿಯಾಗಿ ಹೇಳಿತು.

ಓಡಿದೆ. ಪಟೇಲರ ಪಡಸಾಲೆಯಲ್ಲಿ ಅಗುಳಿ ಹಾಕಿಕೊಂಡು ಬೆಳಗಿನ ತನಕ ಕೂತಿದ್ದೆ.

ಮುಂಜಾನೆ ಗಾಡಿ ಹತ್ತುವಾಗ ಬೋರಮ್ಮ ಎದುರಿಗೆ ನಿಂತಿದ್ದಳು. ಕಣ್ಣು ತುಂಬಿತ್ತು.

"ನಿಮ್ ಮಕ್ಳುಮರಿ ತಣ್ಗಿರ್ಲಿ ಸ್ವಾಮಿ. ರಾತ್ರಿ ನಮ್ ಗುಡ್ಸಲ್ ಬಾಗ್ಲಲ್ಲಿ ನಿಂತು ಅಷ್ಟೂ ಓದಿ ಹೇಳಿದ್ರಲ್ಲ. ಹಗಲೊತ್ತು ಪಟೇಲ್ರಿಗೆ ಹೆದ್ರಿದ್ರಿ, ಗೊತ್ತಾಯ್ತು ಬುಡಿ."

ಶಾಸನವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು, 'ಉಳ್ಳನಕ' ಎಂಬಲ್ಲಿಯವರೆಗೂ. ಸೆರಗಿನಿಂದ ಎರಡು ಸೌತೆಕಾಯಿ ತೆಗೆದು ನನ್ನ ಕೈಗಿಟ್ಟಳು.

ಅದು ನಾನಲ್ಲ ಅನ್ನಲಿಲ್ಲ. ಸೌತೆಕಾಯಿ ತೆಗೆದುಕೊಂಡೆ.

ವರದಿಯಲ್ಲಿ, 'ಶಿಲೆ ಭಗ್ನ, ಅಕ್ಷರ ಸವೆದಿದೆ' ಎಂದು ಬರೆದೆ. ಕೆಲಸ ಕಾಯಂ ಆಯಿತು.

ಆ ರಾತ್ರಿ ಅವಳ ಬಾಗಿಲಿಗೆ ಹೋದವರು ಯಾರೇ ಆಗಲಿ, ನನಗಿಂತ ಒಳ್ಳೆಯವರು. ನನ್ನ ದನಿ ಅವರಿಗೆ ಹೇಗೆ ಸಿಕ್ಕಿತು? ಅದನ್ನು ಅವರು ಹಿಂದಕ್ಕೆ ಕೊಟ್ಟರೋ ಇಲ್ಲವೋ... ಅದೂ ನನಗೆ ಗೊತ್ತಿಲ್ಲ.