ಜರಡಿ ಅಕ್ಕನಿಗೆ ಕೊಟ್ಟ ನೋಟಿಸು

ಜರಡಿ ಅಕ್ಕ ಸಿಟ್ಟು ಮಾಡಿಕೊಂಡದ್ದನ್ನು ಆ ವಿಭಾಗದಲ್ಲಿ ಯಾರೂ ನೋಡಿರಲಿಲ್ಲ. ನೋಡುವ ಭಾಗ್ಯ ಒದಗಿಸಿದವರು ವಿಭಾಗದ ಮುಖ್ಯಸ್ಥರು, ಅದೂ ಅವಳ ನಿವೃತ್ತಿಗೆ ನಾಲ್ಕೇ ತಿಂಗಳು ಉಳಿದಿದ್ದಾಗ.

ಮೂವತ್ತೊಂದು ವರ್ಷ ಅವಳು ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದ ಕೆಳಮಹಡಿಯಲ್ಲಿ ಮಣ್ಣು ಜರಡಿ ಹಿಡಿದವಳು. ಹೊಳೆ, ಕೆರೆ, ಕಡಲುಗಳು ಹೊತ್ತು ತಂದು ಪದರ ಪದರವಾಗಿ ಬಿಟ್ಟುಹೋದ ಮರಳು, ಕೆಸರುಗಳ ಬಗ್ಗೆ ಪುಸ್ತಕ ಬರೆಯುವುದು ಮೇಲಿನ ಮಹಡಿಯವರ ಕೆಲಸ. ಅದೇ ಮಣ್ಣನ್ನು ಒಣಗಿಸಿ, ಒಂದರ ಮೇಲೊಂದು ಪೇರಿಸಿದ ಹಿತ್ತಾಳೆ ಜರಡಿಗಳಿಗೆ ಸುರಿದು, ಯಂತ್ರ ಕಾಲು ಗಂಟೆ ಗಡಗಡ ಅಲ್ಲಾಡಿಸಿದ ಮೇಲೆ ಯಾವ ಜರಡಿಯಲ್ಲಿ ಎಷ್ಟು ಉಳಿಯಿತೆಂದು ತೂಗಿ ಬರೆಯುವುದು ಇವಳ ಕೆಲಸ. ಹುದ್ದೆಯ ಹೆಸರು ಅಟೆಂಡರ್. ಹೊಸ ವಿದ್ಯಾರ್ಥಿಗಳು ಬಂದರೆ ಅಂಗೈಗೆ ಚಿಟಿಕೆ ಮಣ್ಣು ಹಾಕಿ, "ಹಲ್ಲಲ್ಲಿ ಕಡಿದು ನೋಡಿ. ಕರಕರ ಅಂದ್ರೆ ಹೂಳು, ಬೆಣ್ಣೆ ಥರ ಜಾರಿದ್ರೆ ಜೇಡಿ" ಅನ್ನುತ್ತಿದ್ದಳು. ಅವರು ಮುಖ ಹಿಂಡಿಕೊಂಡು ಕಡಿಯುತ್ತಿದ್ದರು, ಮತ್ತೆ ಮರೆಯುತ್ತಿರಲಿಲ್ಲ. ಹಾಗೆ ಕಡಿದವರಲ್ಲಿ ಮೂವರು ಪ್ರೊಫೆಸರರಾದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಇಲ್ಲಿ ಕೆಸರು ಇವಳ ಕೈಗೆ, ಮೊಸರು ಇನ್ಯಾರದೋ ಬಾಯಿಗೆ. ಅದಕ್ಕೂ ಅವಳು ಬೇಜಾರು ಮಾಡಿಕೊಂಡವಳಲ್ಲ.

ನೋಟಿಸು ಬಂದದ್ದು ಒಂದು ಸೋಮವಾರ. 'ಮಾದರಿಗಳನ್ನು ಹಿಂದುಮುಂದು ಮಾಡಿ ಸಂಶೋಧನೆಗೆ ಹಾನಿ ಉಂಟುಮಾಡಿದ ನಿಮ್ಮ ನಿರ್ಲಕ್ಷ್ಯಕ್ಕೆ ಮೂರು ದಿನದಲ್ಲಿ ಉತ್ತರಿಸತಕ್ಕದ್ದು.' ಇದರ ಪ್ರತಿ ಅವಳ ಸೇವಾ ಪುಸ್ತಕಕ್ಕೆ ಹೋಗುತ್ತದೆ. ಮೂವತ್ತೊಂದು ವರ್ಷದಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲದ ಪುಸ್ತಕ ಅದು. ಅವಳು ಓದಿದಳು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು. ಮೈಯೆಲ್ಲ ಉರಿದುಹೋಯಿತು.

ಆದದ್ದು ಇಷ್ಟು. ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಹೊಳೆದಂಡೆಯ ಹಳೆಯ ಕೆಸರಿಗೆ ಆಳೆತ್ತರದ ಕೊಳವೆ ಇಳಿಸಿ, ಮಣ್ಣಿನ ಸಮೇತ ಎತ್ತಿಕೊಂಡು ಬಂದಿದ್ದಳು. ಪ್ರವಾಹ ಬಂದಾಗಲೆಲ್ಲ ಹೊಳೆ ಮೊದಲು ದಪ್ಪ ಮರಳು ಬಿಡುತ್ತದೆ. ನೀರಿನ ಅಬ್ಬರ ಇಳಿದ ಮೇಲೆ ನಯವಾದ ಕೆಸರು ಅದರ ಮೇಲೆ ಕೂರುತ್ತದೆ. ಕೊಳವೆಯನ್ನು ಉದ್ದಕ್ಕೆ ಸೀಳಿ ಪದರ ಎಣಿಸಿದರೆ ಎಷ್ಟು ಪ್ರವಾಹ ಬಂದಿತ್ತೆಂದು ಹೇಳಬಹುದು. ಆ ಹುಡುಗಿ ಮಣ್ಣನ್ನು ಬೆರಳಗಲದ ತುಂಡು ಮಾಡಿ, ಮೇಲಿನಿಂದ ಕೆಳಕ್ಕೆ ನಂಬರು ಹಾಕಿದ ತೊಂಬತ್ತು ಪೊಟ್ಟಣ ಕಟ್ಟಿಕೊಟ್ಟಳು. ಜರಡಿ ಅಕ್ಕ ತೊಂಬತ್ತನ್ನೂ ಜರಡಿ ಹಿಡಿದು ತೂಕ ಬರೆದುಕೊಟ್ಟಳು.

ಆಮೇಲೆ ಹುಡುಗಿ ದೊಡ್ಡ ಸಭೆಯಲ್ಲಿ ಲೆಕ್ಕ ತೋರಿಸಿದಾಗ, ಹೊರಗಿನಿಂದ ಬಂದಿದ್ದ ಹಿರಿಯರೊಬ್ಬರು ಕೇಳಿದರಂತೆ: "ಏನಮ್ಮಾ, ನಿಮ್ಮ ಹೊಳೆ ಮೊದಲು ಕೆಸರು ಬಿಟ್ಟು, ಆಮೇಲೆ ಅದರ ಮೇಲೆ ಮರಳು ಬಿಡುತ್ತಾ?" ಸಭೆ ಗೊಳ್ಳೆಂದಿತು. ಮುಂದಿನ ಸಾಲಿನಲ್ಲಿದ್ದ ಮುಖ್ಯಸ್ಥರ ಕಿವಿ ಕೆಂಪಾಯಿತು. ಕೋಪ ಇಳಿಸುವುದಕ್ಕೆ ಒಂದು ತಲೆ ಬೇಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮನೆಯಲ್ಲಿ ಗಂಡ, ಬಸ್ ಡಿಪೋದ ನಿವೃತ್ತ ಮೆಕ್ಯಾನಿಕ್, ನೋಟಿಸು ನೋಡಿ, "ಇನ್ನು ನಾಲ್ಕು ತಿಂಗಳು ತಾನೇ? ತಪ್ಪಾಯ್ತು ಅಂತ ಬರೆದು ಬಿಸಾಕು ಮಾರಾಯ್ತಿ" ಅಂದ.

"ಮಾಡದೇ ಇರೋ ತಪ್ಪನ್ನ ಒಪ್ಕೊಂಡು ಮನೆಗೆ ಬರ್ಲಾ? ಆಮೇಲೆ ನಿಮ್ಮ ಎದುರಿಗೆ ಕೂತು ಊಟ ಮಾಡೋದು ಹೇಗೆ?"

ಗಂಡ ನೋಟಿಸನ್ನು ಮಡಚಿ ಅವಳ ಕೈಗೇ ಕೊಟ್ಟ. ಅವನಿಗೆ ಹೆಂಡತಿಯ ಆ ದನಿ ಹೊಸದು.

ಮರುದಿನ ಅವಳು ಉಗ್ರಾಣದ ಬೀಗ ತೆಗೆದಳು. ಕೊಳವೆ ಸೀಳಿದಾಗ ಒಂದು ಅರ್ಧ ಕೆಲಸಕ್ಕೆ ಹೋಗುತ್ತದೆ, ಇನ್ನೊಂದು ಅರ್ಧವನ್ನು ಮೇಲಿನ ತುದಿಗೆ 'ಮೇಲೆ' ಎಂಬ ಚೀಟಿ ಅಂಟಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸಾಕ್ಷಿಗೆಂದು ಇಡುತ್ತಾರೆ. ಅದನ್ನು ಬಿಚ್ಚಿ ದೀಪ ಹಿಡಿದವಳು ಹಾಗೇ ನಿಂತಳು. ಅಷ್ಟರಲ್ಲಿ ವಿದ್ಯಾರ್ಥಿನಿ ಬಾಗಿಲ ಹತ್ತಿರ ಬಂದು ನಿಂತಿದ್ದಳು, ಮುಖ ಸಪ್ಪೆಯಾಗಿತ್ತು.

"ಇದನ್ನ ಸೀಳಿದ್ಯಾರು?"

"ಮುಖ್ಯಸ್ಥರೇ, ಅಕ್ಕ. ನಿಮ್ಮ ತಂಗಿಗೆ ಕಣ್ಣಿನ ಆಪರೇಷನ್ ಅಂತ ನೀವು ರಜೆ ಹಾಕಿದ್ರಲ್ಲ, ಅವತ್ತು ಅತಿಥಿಗಳು ಬಂದಿದ್ರು. ತೋರಿಸ್ಬೇಕು ಅಂತ ಎರಡೂ ಮುಚ್ಚಳ ತೆಗೆದುಬಿಟ್ರು."

ಆ ಪ್ರಯೋಗಾಲಯದ ಕಟ್ಟಳೆ ಒಂದೇ: ಕೊಳವೆಯ ತಲೆಗೆ ಕೆಂಪು ಮುಚ್ಚಳ, ಕಾಲಿಗೆ ಕಪ್ಪು. ಮುಚ್ಚಳ ತೆಗೆಯುವ ಮೊದಲು ಕೊಳವೆಯ ಎರಡೂ ಬದಿಗೆ ಮೇಲ್ಮುಖವಾಗಿ ಬಾಣದ ಗುರುತು ಬರೆಯಬೇಕು. ಮೂವತ್ತೊಂದು ವರ್ಷ ಆ ಬಾಣ ಬರೆದವಳು ಇವಳೇ. ಅವಳಿಲ್ಲದ ಒಂದು ದಿನ ಬಾಣ ಬರೆಯುವುದು ಆ ಮಹಾ ಪಂಡಿತರಿಗೆ ನೆನಪಾಗಲಿಲ್ಲ.

"ನೀನು ನೋಡ್ತಾ ಇದ್ದೆ. ಸಭೇಲಿ ನಕ್ಕ ಮೇಲಾದ್ರೂ ಬಾಯಿ ಬಿಡ್ಬಾರದಾ?"

"ನನ್ನ ಡಿಗ್ರಿ ಅವರ ಕೈಲಿದೆ, ಅಕ್ಕ."

"ನನ್ನ ಮಾನ ನಿನ್ನ ಬಾಯಲ್ಲಿತ್ತಲ್ಲೇ ತಾಯಿ!" ಅಂದಳು ಜರಡಿ ಅಕ್ಕ. ಹುಡುಗಿ ಅತ್ತಳು. ಅಳು ಕಂಡರೆ ಕರಗುವ ಅಕ್ಕ ಅವತ್ತು ಕರಗಲಿಲ್ಲ. "ಅಳೋದು ಆಮೇಲೆ. ಆ ತುದಿ ಹಿಡ್ಕೋ" ಅಂದಳು.

ಇಬ್ಬರೂ ಅರ್ಧ ಕೊಳವೆಯನ್ನು ಹೊತ್ತು ಮೆಟ್ಟಿಲು ಹತ್ತಿದರು. ಮುಖ್ಯಸ್ಥರ ಕೋಣೆಯಲ್ಲಿ ಇನ್ನಿಬ್ಬರು ಅಧ್ಯಾಪಕರು ಚಹಾ ಕುಡಿಯುತ್ತ ಕೂತಿದ್ದರು. ಜರಡಿ ಅಕ್ಕ ಮೇಜಿನ ಮೇಲಿನ ಫೈಲುಗಳನ್ನು ಮೊಣಕೈಯಲ್ಲಿ ಸರಿಸಿ ಕೊಳವೆ ಮಲಗಿಸಿದಳು.

"ಇದೇನು ನಾಟಕ?" ಅಂದರು ಮುಖ್ಯಸ್ಥರು.

"ನೋಟಿಸಿಗೆ ಉತ್ತರ, ಸಾರ್. ನೋಡಿ, ಇಲ್ಲಿ ಕೆಸರು ಒಣಗಿ ಬಿರುಕು ಬಿಟ್ಟಿದೆ, ಬಿರುಕಿನ ಒಳಗೆ ಮರಳು ತುಂಬಿದೆ. ಬಿಸಿಲಿಗೆ ಕೆಸರು ಮೇಲಿಂದ ತಾನೇ ಒಣಗೋದು? ಬಿರುಕು ಮೇಲೆ ಅಗಲ, ಕೆಳಗೆ ಚೂಪು ಇರ್ಬೇಕು. ಇಲ್ಲಿ ಮೇಲೆ ಅಂತ ಚೀಟಿ ಅಂಟಿಸಿರೋ ಕಡೆಗೆ ಚೂಪು ತಿರುಗಿದೆ. ಪಾತಾಳದಲ್ಲಿ ಬಿಸಿಲು ಬಂದು ಭೂಮಿ ಬಿರಿಯಿತಾ, ಸಾರ್?"

ಒಬ್ಬ ಅಧ್ಯಾಪಕರು ಲೋಟ ಕೆಳಗಿಟ್ಟು ಬಗ್ಗಿ ನೋಡಿದರು. ಇನ್ನೊಬ್ಬರೂ ಬಗ್ಗಿದರು. ಎರಡನೇ ವರ್ಷದ ಮಕ್ಕಳಿಗೆ ಕಲಿಸುವ ಪಾಠ ಅದು.

"ಪೊಟ್ಟಣಕ್ಕೆ ನಂಬರು ಹಾಕಿದ್ದು ಈ ಚೀಟಿ ನೋಡಿ. ಚೀಟಿ ಯಾರ ಅಕ್ಷರ?"

ಕೊಳವೆಯ ತುದಿ ಹಿಡಿದೇ ನಿಂತಿದ್ದ ಹುಡುಗಿ ಗಂಟಲು ಸರಿಮಾಡಿಕೊಂಡು, "ನಿಮ್ಮದೇ, ಸಾರ್. ಅವತ್ತು ಅಕ್ಕ ರಜೆ" ಅಂದಳು.

ಮುಖ್ಯಸ್ಥರು ನಕ್ಕರು. ಸಿಕ್ಕಿಬಿದ್ದ ದೊಡ್ಡವರು ನಗುತ್ತಾರಲ್ಲ, ಆ ನಗು. "ಆಯ್ತು ಬಿಡಿ, ಕೆಲಸ ಮಾಡೋ ಜಾಗದಲ್ಲಿ ಇಂಥದ್ದೆಲ್ಲ ಆಗುತ್ತೆ. ನೋಟಿಸು ಮರೆತುಬಿಡಿ, ನಾನೂ ಮರೀತೀನಿ."

"ನನ್ನ ತಪ್ಪು ಅಂದಾಗ ಕಾಗದದಲ್ಲಿ ಬಂತು. ನಿಮ್ಮ ತಪ್ಪು ಬಾಯಿಮಾತಲ್ಲಿ ಮುಗಿಯುತ್ತಾ, ಸಾರ್? ಬರೆದುಕೊಡಿ."

ಇಬ್ಬರು ಅಧ್ಯಾಪಕರು ಎದುರಿಗಿದ್ದರು, ಅವರೂ ಕಾಯುತ್ತಿದ್ದರು. ಮುಖ್ಯಸ್ಥರು ಪೆನ್ನು ತೆಗೆದು ಎರಡು ಸಾಲು ಗೀಚಿ ಕೊಟ್ಟರು. ಜರಡಿ ಅಕ್ಕ ಕನ್ನಡಕ ಹಾಕಿಕೊಂಡು ಓದಿದಳು: 'ಕೊಳವೆಯು ತಲೆಕೆಳಗಾಗಿ ಇರಿಸಲ್ಪಟ್ಟಿದ್ದರಿಂದ ಲೋಪ ಸಂಭವಿಸಿರುತ್ತದೆ. ನೋಟಿಸನ್ನು ಹಿಂಪಡೆಯಲಾಗಿದೆ.' ಅಡ್ಡಗೋಡೆಯ ಮೇಲೆ ದೀಪ.

ಅವಳು ಹಾಳೆಯನ್ನು ಮೇಜಿನ ಮೇಲೆ ವಾಪಸು ಇಟ್ಟಳು.

"ಕೊಳವೆ ತಾನೇ ಎದ್ದು ತಲೆಕೆಳಗಾಗಿ ಮಲಗಿತಾ, ಸಾರ್?"

ಮುಖ್ಯಸ್ಥರು ಕೆಂಪಾದರು. ಹಾಳೆಯನ್ನು ಮತ್ತೆ ಎಳೆದುಕೊಂಡರು. ಕೊನೆಗೆ 'ಕೊಳವೆಯು' ಅನ್ನುವುದರ ಪಕ್ಕದಲ್ಲಿ, ಸಾಲಿನ ಮೇಲೆ, ಸಣ್ಣ ಅಕ್ಷರದಲ್ಲಿ 'ನನ್ನಿಂದ' ಎಂದು ಸೇರಿಸಿ ಸಹಿ ಮಾಡಿದರು.

ಜರಡಿ ಅಕ್ಕ ಹಾಳೆಯನ್ನು ಮಡಚಿ ಎದೆಗೆ ಒತ್ತಿ ಹಿಡಿದಳು. ಆಮೇಲೆ ಏಪ್ರನ್ನಿನ ಕಿಸೆಯಿಂದ ಮಾರ್ಕರ್ ತೆಗೆದು ಅವರ ಮುಂದಿಟ್ಟಳು.

"ಬಾಣ ಕೂಡ ನೀವೇ ಬರೀರಿ. ನಾಲ್ಕು ತಿಂಗಳು ಆದ್ಮೇಲೆ ನಾನಿರಲ್ಲ."