ಕೋವಿಯ ಹಳೆಯ ನಳಿಗೆ

ಸ್ಕ್ರೂಡ್ರೈವರ್ ಹುಡುಕುತ್ತಾ ಟೂಲ್‌ಬಾಕ್ಸಿನ ತಳಕ್ಕೆ ಕೈಹಾಕಿದಾಗ, ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕೊಳವೆಯೊಂದು ಸಿಕ್ಕಿತು. ಸುಮಾರು ಮೊಳದುದ್ದ, ಪೆನ್ಸಿಲ್ಲಿಗಿಂತ ತುಸು ದಪ್ಪ. ಬಟ್ಟೆಗೆ ಅಂಟಿದ್ದ ಎಣ್ಣೆಯ ಜಿಡ್ಡು ಬೆರಳಿಗೆ ತಾಗಿದ್ದೇ ತಡ, ಅದೇನೆಂದು ಬಿಚ್ಚುವ ಮೊದಲೇ ಗೊತ್ತಾಯಿತು. ಮುಖ ಬಿಸಿಯಾಯಿತು. ಮನೆಯಲ್ಲಿ ನಾನೊಬ್ಬನೇ ಇದ್ದೆ. ಆದರೂ ಯಾರೋ ನೋಡಿಬಿಟ್ಟರೇನೋ ಎಂಬಂತೆ ಅದನ್ನು ಮತ್ತೆ ಸುತ್ತಿದೆ.

ಅದು ಮೇಲಿನ ಮನೆಯ ಅಂಕಲ್ ಅವರ ಕೋವಿಯ ಹಳೆಯ ನಳಿಗೆ.

ಕೋವಿ ಎಂದರೆ ನಿಜವಾದ ಕೋವಿಯಲ್ಲ, ಏರ್‌ಸಾಫ್ಟ್ ರೈಫಲ್. ನೋಡಲು ಥೇಟ್ ಬಂದೂಕೇ. ಓಡುವುದು ಬ್ಯಾಟರಿಯಿಂದ, ಹಾರಿಸುವುದು ಬಟಾಣಿ ಗಾತ್ರದ ಪ್ಲಾಸ್ಟಿಕ್ ಗುಳಿಗೆ. ಅಂಕಲ್ ಕೊಡವರು. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರಿಗೆ ಪೂಜೆಗೆ ಕೋವಿ ಬೇಕೇ ಬೇಕು. ಆದರೆ ಅರಬ್ ದೇಶದ ಈ ನಿಜ್ವಾ ಊರಿನಲ್ಲಿ ಬಾಡಿಗೆ ಮನೆಯಲ್ಲಿರುವ ನಮ್ಮಂಥವರಿಗೆ ಕೋವಿ ಎಲ್ಲಿಂದ ಬರಬೇಕು? ಗಡಿಯ ಊರು ಬುರೈಮಿಯ ಆಟಿಕೆ ಅಂಗಡಿಯೊಂದರಿಂದ ಇದನ್ನು ತಂದು, ಬೆಡ್‌ಶೀಟಿನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಿದ್ದರು. ಹಬ್ಬದ ಬೆಳಿಗ್ಗೆ ಅದನ್ನು ದೀಪದ ಮುಂದಿಟ್ಟರೆ, ಆಂಟಿ ಕೆಂಪು ಹಳದಿ ಕಾಗದದಲ್ಲಿ ಮಾಡಿದ ತೋಕ್‌ಪೂ, ಅಂದರೆ ಕೋವಿಯ ಹೂವನ್ನು ಮೂತಿಗೆ ಸಿಕ್ಕಿಸುತ್ತಿದ್ದರು. ಊರಿನ ಆ ಹೂವು ಇಲ್ಲಿ ಸಿಗುವುದಿಲ್ಲವಲ್ಲ... ಆಟಿಕೆಯೆಂದು ತಿಳಿಯಲಿ ಎಂದು ಮೂತಿಗೆ ಬಳಿದಿದ್ದ ಕಿತ್ತಳೆ ಬಣ್ಣ ಆ ಕಾಗದದ ಹೂವಿನಡಿ ಮುಚ್ಚಿಹೋಗುತ್ತಿತ್ತು.

ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು. ಮೈಸೂರಿನಲ್ಲಿ ಆಯುಧಪೂಜೆಯ ದಿನ ಮಿಕ್ಸಿಗೂ ಕುಂಕುಮ ಹಚ್ಚುವ ಮನೆಯವನು ನಾನು. ನಗುವ ಹಕ್ಕೇನೂ ನನಗಿರಲಿಲ್ಲ.

ಹಬ್ಬದ ವಾರದ ಶುಕ್ರವಾರ ಸಂಜೆ, ಬಿಸಿಲು ಇಳಿದ ಮೇಲೆ, ಐದಾರು ಕನ್ನಡದ ಮನೆಗಳವರು ಊರಾಚೆಯ ವಾದಿಗೆ ಹೋಗುತ್ತಿದ್ದೆವು. ನೀರಿಲ್ಲದ ಹಳ್ಳ, ಬರೀ ಕಲ್ಲು. ಆಂಟಿಯ ಅಕ್ಕಿ ಕಡುಬು ಕಡಂಬುಟ್ಟು, ಹುಳಿಗೆ ಕಾಚಂಪುಳಿ ಹಾಕಿದ ಕೋಳಿ ಸಾರು ಜೊತೆಗಿರುತ್ತಿತ್ತು. ಊರಿನಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ; ಇಲ್ಲಿ ಕಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿದ ಲಬಾನ್ ಮಜ್ಜಿಗೆಯ ಖಾಲಿ ಬಾಟಲಿಗಳು. ಹಿರಿಯರೆಂದು ಮೊದಲ ಹೊಡೆತ ಅಂಕಲ್‌ದೇ.

ಅವರು ಪ್ರತಿ ವರ್ಷವೂ ತಪ್ಪುತ್ತಿದ್ದರು.

"ಚೀನಾ ಮಾಲು ಮಾರಾಯ, ಎಡಕ್ಕೆ ಎಳೀತದೆ. ಊರಿನ ಕೋವಿ ಆಗಿದ್ರೆ ತೋರಿಸ್ತಿದ್ದೆ" ಎನ್ನುತ್ತಿದ್ದರು. ಆಮೇಲೆ ಅವರು ಹರೆಯದಲ್ಲಿ ಒಂದೇ ಗುಂಡಿಗೆ ಕೆಡವಿದ ತೆಂಗಿನಕಾಯಿಯ ಕತೆ ಬರುತ್ತಿತ್ತು. ವರ್ಷದಿಂದ ವರ್ಷಕ್ಕೆ ಆ ಮರ ಎತ್ತರವಾಗುತ್ತಾ ಹೋಗುತ್ತಿತ್ತು. ನಾವೆಲ್ಲ ನಗುತ್ತಿದ್ದೆವು, ಆದರೆ ಅವರನ್ನು ನೋಡಿ ಅಲ್ಲ. ನಗುತ್ತಿದ್ದುದು ಚೀನಾದ ಕೋವಿಯನ್ನು ಕಂಡು. ಆ ಗುಂಪಿನಲ್ಲಿ ಅವರ ಹೆಸರೇ ಗುರಿಕಾರ ಎಂದಿತ್ತು, ಆ ಹೆಸರು ಅವರಿಗೆ ಬಹಳ ಇಷ್ಟವಾಗಿತ್ತು.

ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಎಡಕ್ಕೆ ಎಳೆಯುವ ವಸ್ತು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. "ಕೊಡಿ ಅಂಕಲ್, ನಾನು ನೋಡ್ತೀನಿ" ಎಂದೆ. ಅವರು ಬೇಡವೆನ್ನಲಿಲ್ಲ, ಹ್ಞೂಂ ಎನ್ನಲೂ ಇಲ್ಲ. ಆಂಟಿ ಮಾತ್ರ, "ಹಾಗೇ ಇರ್ಲಿ ಬಿಡಿ. ವರ್ಷಕ್ಕೊಂದು ದಿನದ ಕೋವಿಗೆ ಎಂಥಕ್ಕೆ ಇಷ್ಟು ಕಷ್ಟ?" ಎಂದರು. ಸಂಕೋಚದ ಮಾತು ಎಂದುಕೊಂಡೆ.

ಮೊದಲು ನಳಿಗೆ ಬದಲಾಯಿಸಿದೆ. ಒಳಮೈ ನುಣುಪಾದ, ಗುಳಿಗೆ ಅಲುಗಾಡಲು ಜಾಗವಿಲ್ಲದ ಹಿತ್ತಾಳೆಯದನ್ನು ಬುರೈಮಿಯಿಂದ ತರಿಸಿ ಹಾಕಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಹೊಡೆತಕ್ಕೆ ಜೋರು ಸಾಲದೆಂದು ಬಿಗಿಯಾದ ಸ್ಪ್ರಿಂಗ್ ಹಾಕಿದೆ. ಅದರ ರಭಸಕ್ಕೆ ಪ್ಲಾಸ್ಟಿಕ್ ಪಿಸ್ಟನ್ನಿನ ಹಲ್ಲುಗಳು ಉದುರಿದವು. ಉಕ್ಕಿನ ಹಲ್ಲಿನದನ್ನು ತಂದೆ, ಆಗ ಗೇರ್ ಸವೆಯಿತು. ಗೇರ್ ಬದಲಿಸಿದರೆ ಅವೆಲ್ಲವನ್ನೂ ಹಿಡಿದಿಡುವ ಪೆಟ್ಟಿಗೆಯೇ ಬಿರಿಯಿತು. ಒಂದನ್ನು ಗಟ್ಟಿ ಮಾಡಿದರೆ ಸೋಲು ಪಕ್ಕದ್ದಕ್ಕೆ ಹೋಗಿ ಕೂರುತ್ತದೆ. ಈ ಕೆಲಸದ ಮೋಜೇ ಅದು. ನಾನು ಅದನ್ನು ಬಾಯಿ ತುಂಬ ವಿವರಿಸುತ್ತಿದ್ದೆ, ಅಂಕಲ್ ನಮ್ಮ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೇಳುತ್ತಿದ್ದರು. ನನ್ನ ಹೆಂಡತಿ ತಂದ ಚಹಾವನ್ನು ಮುಂದೆ ಇಟ್ಟುಕೊಂಡು ಆರಿದ ಮೇಲೆ ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಎಡಗೈ ಹೆಚ್ಚಾಗಿ ಪ್ಯಾಂಟಿನ ಜೇಬಿನಲ್ಲೇ ಇರುತ್ತಿತ್ತು. ಇದೆಲ್ಲ ಕಣ್ಣಿಗೆ ಬಿದ್ದಿತ್ತು. ದಿನವಿಡೀ ರೋಗಿಗಳ ನಡುವೆ ಓಡಾಡುವ ನನಗೆ ಅದರ ಅರ್ಥ ಹೊಳೆಯಲಿಲ್ಲ.

"ಸರಿಯಾಗ್ತದಾ?" ಎಂದು ಆಗಾಗ ಕೇಳುತ್ತಿದ್ದರು. ಆಸೆಯಿಂದ ಕೇಳುತ್ತಿದ್ದಾರೆಂದು ನನ್ನ ಎಣಿಕೆ...

ಆ ವರ್ಷ ವಾದಿಯಲ್ಲಿ ಕೋವಿಯನ್ನು ಅವರ ಕೈಗಿಡುವ ಮೊದಲು ನಾನು ಭಾಷಣವನ್ನೇ ಬಿಗಿದೆ. ಏನೇನು ಬದಲಾಯಿತು, ಎಷ್ಟು ದೂರಕ್ಕೆ ಎಷ್ಟು ನೆಟ್ಟಗೆ ಹೋಗುತ್ತದೆ ಎಂದೆಲ್ಲ. ಧಾರವಾಡದ ಗೆಳೆಯನೊಬ್ಬ ಚಪ್ಪಾಳೆ ತಟ್ಟಿ, "ಅಂಕಲ್, ಈ ಸಲ ಕೋವಿ ಮ್ಯಾಲೆ ತಪ್ಪು ಹಾಕೂ ಹಂಗಿಲ್ಲ ನೋಡ್ರಿ!" ಎಂದು ಕೂಗಿದ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಅಂಕಲ್ ಗುರಿಯಿಟ್ಟರು. ಗುಳಿಗೆ ಕಲ್ಲಿಗೆ ಬಡಿಯಿತು. ಮತ್ತೆ ಹೊಡೆದರು, ಅದು ಬಾಟಲಿಗಳ ಮೇಲಿಂದ ಹಾರಿಹೋಯಿತು. ಮತ್ತೊಮ್ಮೆ, ಮಗದೊಮ್ಮೆ. ಮೊದಲು ನಗು ಕೇಳಿಸುತ್ತಿತ್ತು, ಆಮೇಲೆ ನಗು ನಿಂತಿತು. ಅವರು ನಮ್ಮ ಕಡೆ ತಿರುಗಿದರು. ಏನೋ ಹೇಳಲು ಬಾಯಿ ತೆರೆದರು, ಆದರೆ ಹೇಳಬೇಕಾದ ಆ ಒಂದು ಮಾತನ್ನು ನಾನು ಆಗಲೇ ಕಿತ್ತುಕೊಂಡಿದ್ದೆ. ಆಂಟಿ ಪಾತ್ರೆಗಳ ಮುಚ್ಚಳವನ್ನು ಬೇಕೆಂದೇ ಸದ್ದು ಮಾಡಿ ತೆಗೆದರು. "ಖಲಾಸ್, ಬನ್ನಿ ಎಲ್ಲ. ಕಡಂಬುಟ್ಟು ತಣ್ಣಗಾಗ್ತದೆ" ಎಂದರು. ಆ ಸಂಜೆ ತೆಂಗಿನಮರದ ಕತೆ ಬರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾಚಿಕೆ ಇಷ್ಟಿರುತ್ತಿರಲಿಲ್ಲವೇನೋ.

ಕೆಲವು ದಿನ ಕಳೆದ ಮೇಲೆ ಅಂಕಲ್ ಬೆಡ್‌ಶೀಟಿನ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಕೆಳಗೆ ಬಂದರು. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, "ಹಳೇ ನಳಿಗೆ ಇಟ್ಟಿದ್ದೀಯಾ? ಇದ್ರೆ ಅದನ್ನೇ ಹಾಕಿಬಿಡು ಮಾರಾಯ" ಎಂದರು.

ನಳಿಗೆ ಇತ್ತು. ಹಾಕಲು ಹತ್ತು ನಿಮಿಷವೂ ಬೇಕಿರಲಿಲ್ಲ. ನಾನೋ, ನನ್ನ ಕೆಲಸವನ್ನು ಅನುಮಾನಿಸಿದರೆಂದು ಕೆರಳಿದೆ. "ಏನ್ ಅಂಕಲ್ ನೀವು! ಬನ್ನಿ, ತೋರಿಸ್ತೀನಿ" ಎಂದು ತಾರಸಿಗೆ ಕರೆದೊಯ್ದೆ. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಲಬಾನ್ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದಾಗಿ ಹೊಡೆದುರುಳಿಸಿದೆ. ಒಂದೂ ತಪ್ಪಲಿಲ್ಲ. "ನೋಡಿದ್ರಾ?" ಎಂದು ಗೆದ್ದವನ ಹಾಗೆ ತಿರುಗಿದೆ.

ಅವರು ಬಾಟಲಿಗಳನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದರು. ಅವರ ಪ್ಯಾಂಟಿನ ಜೇಬು ಗಾಳಿಯಿಲ್ಲದ ಆ ಸಂಜೆಯಲ್ಲಿ ಒಂದೇ ಸಮನೆ ಅದುರುತ್ತಿತ್ತು.

ಆಗ ತಿಳಿಯಿತು. ನಳಿಗೆ, ಸ್ಪ್ರಿಂಗ್, ಗೇರ್ ಎಲ್ಲವನ್ನೂ ಗಟ್ಟಿ ಮಾಡುತ್ತಾ ಬಂದ ನಾನು, ಸೋಲನ್ನು ತಳ್ಳುತ್ತಾ ತಳ್ಳುತ್ತಾ ಆ ಕೈಗೆ ಮುಟ್ಟಿಸಿದ್ದೆ.

"ಹೌದು ಮಾರಾಯ, ಕೋವಿ ಚೆನ್ನಾಗಿದೆ" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಗಂಟು ಕಟ್ಟಿಕೊಂಡು ಮೆಟ್ಟಿಲಿಳಿದರು. ಹಳೆಯ ನಳಿಗೆಯ ಮಾತನ್ನು ಮತ್ತೆಂದೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಿದರೆ ನನಗೆ ಗೊತ್ತಾಗಿದೆಯೆಂದು ಅವರಿಗೆ ಗೊತ್ತಾಗುತ್ತದೆ ಎಂಬ ನೆಪ ನನಗೆ ಸಿಕ್ಕಿತ್ತು. ಮುಂದಿನ ಹಬ್ಬಕ್ಕೆ ಪೂಜೆ ಮಾತ್ರ ನಡೆಯಿತು. ಬಿಸಿಲು ಜಾಸ್ತಿ ಎಂದರು, ವಾದಿಗೆ ಯಾರೂ ಹೋಗಲಿಲ್ಲ.

ಕೆಲಸ ಬಿಟ್ಟು ಊರಿಗೆ ಹೊರಟಾಗ ಅಂಕಲ್ ಕೋವಿಯನ್ನು ನನಗೇ ಕೊಟ್ಟರು. "ನೀನೇ ಇಟ್ಕೋ. ನಿನ್ನ ಕೈಗೆ ಚೆನ್ನಾಗಿ ಹೊಂದ್ತದೆ." ಚುಚ್ಚಿ ಹೇಳಿದ್ದಲ್ಲ. ಚುಚ್ಚಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು.

ಹೋದ ವರ್ಷ ಆಂಟಿಯಿಂದ ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಬಂತು, ಅಂಕಲ್ ಹೋಗಿಬಿಟ್ಟಿದ್ದರು. ಕೊನೆಗೆ ಅನ್ನ ಕಲಸಲೂ ಅವರ ಕೈ ಕೇಳುತ್ತಿರಲಿಲ್ಲವಂತೆ... ಉತ್ತರವಾಗಿ ನಾಲ್ಕು ಸಾಲು ಬರೆದೆ, ಅಳಿಸಿದೆ. ಮುಗಿದ ಕೈಗಳ ಚಿತ್ರವೊಂದನ್ನು ಕಳಿಸಿ ಫೋನ್ ಕೆಳಗಿಟ್ಟೆ.

ಈವತ್ತು ಆ ಗಂಟನ್ನು ಇಳಿಸಿ, ಹಿತ್ತಾಳೆ ನಳಿಗೆ ಕಳಚಿ ಹಳೆಯದನ್ನು ಹಾಕಿದೆ. ತಾರಸಿಗೆ ಹೋಗಿ ಕಟ್ಟೆಯ ಮೇಲೆ ಒಂದು ಬಾಟಲಿ ನಿಲ್ಲಿಸಿದೆ. ಎಡಕ್ಕೆ ಎಳೆಯಲಿ ಎಂದು ನಿಜವಾಗಿಯೂ ಬೇಡಿಕೊಂಡೆ. ಎಳೆಯಲಿಲ್ಲ. ಮೊದಲ ಗುಳಿಗೆಗೇ ಬಾಟಲಿ ಉರುಳಿತು.

ಆ ಸಂಜೆ ಇದೇ ಜಾಗದಲ್ಲಿ ನಾನು ಒಂದು ಸಲ ತಪ್ಪಿದ್ದರೆ ಸಾಕಿತ್ತು. ಅದಕ್ಕೆ ಯಾವ ಬಿಡಿಭಾಗವನ್ನೂ ತರಿಸಬೇಕಿರಲಿಲ್ಲ. ಬಾಟಲಿಯನ್ನು ಮತ್ತೆ ನಿಲ್ಲಿಸಿ ದೂರ ಬಂದೆ. ಈ ಸಲ ಅದರ ಪಕ್ಕಕ್ಕೆ, ಖಾಲಿ ಜಾಗಕ್ಕೆ, ಗುರಿಯಿಟ್ಟು ಹೊಡೆದೆ.

"ಚೀನಾ ಮಾಲು ಅಂಕಲ್" ಎಂದೆ.